ಮಗು ಕೇಳಿದ ಗೇಮ್ ಕೊಡಿಸಬಹುದಾ? ಅಪ್ಪ ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸಿಗೆ ರಜೆ ಶುರುವಾದರೆ ಸಾಕು, ಪರಿಚಯದವರಿಂದ ನನಗೆ ಒಂದೇ ಥರದ ಮೆಸೇಜ್‌ಗಳು ಬರುತ್ತವೆ. ಗೇಮ್ ಡಬ್ಬಿಯ ಫೋಟೋ, ಅದರ ಕೆಳಗೆ "ಇದನ್ನ ಮಗನಿಗೆ ಕೊಡಿಸಬಹುದಾ?" ಅಂತ ಪ್ರಶ್ನೆ. ಹೆಚ್ಚಿನವು ಆ್ಯಕ್ಷನ್-ಅಡ್ವೆಂಚರ್ ಗೇಮ್‌ಗಳೇ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಆ್ಯಕ್ಷನ್-ಅಡ್ವೆಂಚರ್ ಅಂದರೆ ಹೊಡೆದಾಟದ ಗೇಮ್ ತಾನೆ?

ಹೊಡೆದಾಟ ಇರುತ್ತದೆ, ಆದರೆ ಅದಷ್ಟೇ ಅಲ್ಲ. ಒಂದು ಕಥೆ ಇರುತ್ತದೆ, ಸುತ್ತಾಡೋಕೆ ದೊಡ್ಡ ಜಾಗ ಇರುತ್ತದೆ, ಬಿಡಿಸಬೇಕಾದ ಒಗಟುಗಳು ಇರುತ್ತವೆ, ಹತ್ತೋದು ಹಾರೋದು ಇರುತ್ತದೆ. ಲೆಗೋ ಗೇಮ್‌ಗಳೂ ಈ ಗುಂಪಿಗೇ ಸೇರುತ್ತವೆ, 2018ರ ಗಾಡ್ ಆಫ್ ವಾರ್ ಕೂಡ ಇದೇ ಗುಂಪು. ಮೊದಲನೆಯದರಲ್ಲಿ ಪೆಟ್ಟು ತಿಂದ ಬೊಂಬೆ ಪ್ಲಾಸ್ಟಿಕ್ ತುಂಡುಗಳಾಗಿ ಉದುರುತ್ತದೆ. ಎರಡನೆಯದರಲ್ಲಿ ಕೊಡಲಿ ಏಟು, ರಕ್ತ, ಮೈ ಸೀಳೋದು ಎಲ್ಲ ಹತ್ತಿರದಿಂದ ಕಾಣುತ್ತದೆ. ಹಾಗಾಗಿ ಗುಂಪಿನ ಹೆಸರು ಕೇಳಿ ಹೂಂ ಅನ್ನಬೇಡಿ, ಉಹೂಂ ಅನ್ನಲೂ ಬೇಡಿ.

ಡಬ್ಬಿ ಮೇಲೆ ಅಕ್ಷರ, ನಂಬರ್ ಇರುತ್ತಲ್ಲ, ಅದು ಏನು?

ಸಿನಿಮಾಗೆ ನಮ್ಮಲ್ಲಿ ಸೆನ್ಸಾರ್ ಬೋರ್ಡ್ ಇದೆ. 2024ರಿಂದ ಯುಎ ಸರ್ಟಿಫಿಕೇಟನ್ನೇ 7+, 13+, 16+ ಅಂತ ಮೂರು ಭಾಗ ಮಾಡಿ ಕೊಡುತ್ತಿದ್ದಾರೆ. ಗೇಮ್ ಡಬ್ಬಿಗಳ ಮೇಲೆ ಅಂಥ ಸರ್ಟಿಫಿಕೇಟ್ ಇರುವುದಿಲ್ಲ. ಇಲ್ಲಿನ ಅಂಗಡಿಗಳಲ್ಲಿ ಸಿಗುವ ಡಬ್ಬಿ ಮೇಲೆ ಅಮೆರಿಕದ ಗುರುತು ಇರುತ್ತದೆ, ಇಲ್ಲವೇ ಯುರೋಪಿನದ್ದು.

ಅಮೆರಿಕದ್ದು ಇಎಸ್‌ಆರ್‌ಬಿ. 1994ರಿಂದ ಇದೆ. ಅಕ್ಷರದಲ್ಲಿ ಹೇಳುತ್ತದೆ. ಇ ಅಂದರೆ ಎಲ್ಲರಿಗೂ, ಇ10+ ಅಂದರೆ 10 ವರ್ಷ ದಾಟಿದವರಿಗೆ, ಟಿ ಅಂದರೆ 13 ದಾಟಿದವರಿಗೆ, ಎಂ ಅಂದರೆ 17 ದಾಟಿದವರಿಗೆ. ಯುರೋಪಿನದ್ದು ಪೆಗಿ, 2003ರಲ್ಲಿ ಬಂತು. ಅದು ನೇರವಾಗಿ ವಯಸ್ಸೇ ಬರೆಯುತ್ತದೆ: 3, 7, 12, 16, 18.

ಮೊಬೈಲ್‌ನಲ್ಲಿ ಪ್ಲೇ ಸ್ಟೋರ್ ತೋರಿಸುವ 3+, 7+, 12+ ಬೇರೆಯದು. ಅಲ್ಲಿ ಗೇಮ್ ಮಾಡಿದವರೇ ಒಂದು ಪ್ರಶ್ನಾವಳಿ ತುಂಬುತ್ತಾರೆ, ಆ ಉತ್ತರಗಳಿಂದ ರೇಟಿಂಗ್ ಬರುತ್ತದೆ. ಅದಕ್ಕೇ ಮೊಬೈಲ್ ಗೇಮ್‌ಗಳ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿ ಹುಷಾರು.

ಮತ್ತೊಂದು ವಿಷಯ. ನಂಬರ್ ನೋಡಿ ಡಬ್ಬಿ ಕೆಳಗಿಟ್ಟುಬಿಡಬೇಡಿ, ಹಿಂದೆ ತಿರುಗಿಸಿ ನೋಡಿ. ಹಿಂಸೆ, ಕೆಟ್ಟ ಮಾತು, ಭಯ, ಜೂಜು ಅಂತ ಆ ನಂಬರ್ ಯಾಕೆ ಬಂತು ಅನ್ನೋದಕ್ಕೆ ಅಲ್ಲಿ ಸಣ್ಣ ಚಿತ್ರವೋ ಒಂದೆರಡು ಪದವೋ ಇರುತ್ತದೆ. ನನಗೆ ನಂಬರ್‌ಗಿಂತ ಅದೇ ಮುಖ್ಯ.

ಒಂದೇ ಗೇಮ್‌ಗೆ ಅಮೆರಿಕದವರು 13 ಅಂತಾರೆ, ಯುರೋಪಿನವರು 16 ಅಂತಾರೆ. ಯಾರನ್ನ ನಂಬೋದು?

ಇಬ್ಬರನ್ನೂ ನಂಬಿ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ನೋಡುವ ರೀತಿ ಬೇರೆ ಅಷ್ಟೆ. 2018ರ ಸ್ಪೈಡರ್‌ಮ್ಯಾನ್ ಗೇಮನ್ನೇ ತಗೊಳ್ಳಿ. ಅಮೆರಿಕದಲ್ಲಿ ಟಿ, ಯುರೋಪಿನಲ್ಲಿ 16. ಏಟು ನಿಜವಾದ ಮನುಷ್ಯರ ಮೇಲೆ ಬಿದ್ದ ಹಾಗೆ ಕಂಡರೆ ಪೆಗಿ 16ಕ್ಕೆ ಹೋಗುತ್ತದೆ, ರಕ್ತ ಕಡಿಮೆ ಇದ್ದರೂ ಬಿಡುವುದಿಲ್ಲ. ಲೆಗೋ ಗೇಮ್‌ಗಳಲ್ಲಿ ಇದು ಉಲ್ಟಾ. ಅಮೆರಿಕದವರು 10+ ಅಂದ ಎಷ್ಟೋ ಲೆಗೋ ಗೇಮ್‌ಗಳಿಗೆ ಯುರೋಪಿನವರು 7 ಕೊಟ್ಟಿದ್ದಾರೆ.

ಎರಡೂ ರೇಟಿಂಗ್ ಹುಡುಕಿ, ನಡುವೆ ಅಂತರ ಕಂಡರೆ ಯಾಕೆ ಅಂತ ನೋಡಿ. ನಿಮಗೆ ಬೇಕಾದ ಮಾಹಿತಿ ಹೆಚ್ಚಾಗಿ ಆ ಅಂತರದಲ್ಲೇ ಇರುತ್ತದೆ.

ಹೊಡೆಯೋದು ಇದ್ದರೆ ಬೇಡವೇ ಬೇಡ ಅಂದುಬಿಡೋದು ಒಳ್ಳೇದಲ್ವಾ?

ಈ ಪ್ರಶ್ನೆ ಕೇಳುವವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ನಮ್ಮ ಮಕ್ಕಳು ಭೀಮ ದುರ್ಯೋಧನರ ಕಥೆ ಕೇಳಿ ಬೆಳೆದವರು, ಯಕ್ಷಗಾನದಲ್ಲಿ ರಾಕ್ಷಸನ ವೇಷ ನೋಡಿ ಅಮ್ಮನ ಸೆರಗು ಹಿಡಿದು ಕೂತವರು. ಹೊಡೆದಾಟ ಇದೆಯಾ ಅನ್ನೋ ಪ್ರಶ್ನೆಯಿಂದ ಜಾಸ್ತಿ ಏನೂ ಗೊತ್ತಾಗುವುದಿಲ್ಲ.

ನಾನು ನೋಡೋದು ಬೇರೆ. ಗೇಮ್ ಮಗುವಿನ ಕೈಯಲ್ಲಿ ಏನು ಮಾಡಿಸುತ್ತದೆ? ಸಿನಿಮಾದಲ್ಲಿ ವಿಲನ್‌ಗೆ ಹೀರೋ ಹೊಡೆಯುತ್ತಾನೆ, ಮಗು ನೋಡುತ್ತದೆ. ಗೇಮ್‌ನಲ್ಲಿ ಬಟನ್ ಒತ್ತೋದು ಮಗುವೇ. ಹಾಗಾಗಿ ಯಾರನ್ನು ಹೊಡೆಯುತ್ತದೆ, ಏತಕ್ಕೆ ಹೊಡೆಯುತ್ತದೆ, ಹೊಡೆದ ಮೇಲೆ ಏನು ಕಾಣುತ್ತದೆ ಅನ್ನೋದು ಮುಖ್ಯ. ಪೆಟ್ಟು ತಿಂದವನು ಹೊಗೆಯಾಗಿ ಮಾಯವಾಗುತ್ತಾನಾ, ನರಳುತ್ತಾ ಬಿದ್ದಿರುತ್ತಾನಾ? ಹೊಡೆಯದೆ ದಾಟಿಹೋಗೋಕೆ ದಾರಿ ಇದೆಯಾ? ದಾರಿಯಲ್ಲಿ ಹೋಗುವವರನ್ನು ಸುಮ್ನೆ ಹೊಡೆದರೆ ಗೇಮ್ ಬಿಡುತ್ತದಾ, ತಡೆಯುತ್ತದಾ? ಈ ನಾಲ್ಕೈದು ಪ್ರಶ್ನೆಗೆ ಉತ್ತರ ಸಿಕ್ಕರೆ ಡಬ್ಬಿ ಮೇಲಿನ ನಂಬರ್‌ಗಿಂತ ಎಷ್ಟೋ ಜಾಸ್ತಿ ನಿಮಗೆ ಗೊತ್ತಾಗಿರುತ್ತದೆ.

ಹಳೇಬೀಡು, ಬೇಲೂರು ಬರುವ ಗೇಮ್ ಇದೆಯಂತೆ. ಸ್ಕೂಲ್ ಟ್ರಿಪ್‌ನಲ್ಲಿ ಅಲ್ಲಿಗೆ ಹೋಗಿ ಬಂದ ಮಗ ಅದೇ ಬೇಕು ಅಂತಿದ್ದಾನೆ. 10 ವರ್ಷ.

ಅದು ಅನ್‌ಚಾರ್ಟೆಡ್: ದ ಲಾಸ್ಟ್ ಲೆಗಸಿ. 2017ರಲ್ಲಿ ಬಂತು. ಕ್ಲೋಯಿ ಫ್ರೇಜರ್ ಅನ್ನುವವಳು ಪಶ್ಚಿಮ ಘಟ್ಟದಲ್ಲಿ ಹೊಯ್ಸಳರ ಕಾಲದ ಗಣೇಶನ ದಂತ ಹುಡುಕಿಕೊಂಡು ಹೊರಡುವ ಕಥೆ. ಪರಶುರಾಮ ಗಣೇಶನ ದಂತ ಮುರಿದ ಕಥೆಯೂ ಅದರಲ್ಲಿ ಬರುತ್ತದೆ. ಕನ್ನಡದವರಿಗೆ ಆಸೆ ಹುಟ್ಟೋದು ಸಹಜ, ನನಗೂ ಹುಟ್ಟಿತ್ತು. ಹಾಳುಬಿದ್ದ ಗುಡಿಗಳು, ಜಲಪಾತ, ಮಳೆ ಬಿದ್ದು ಒದ್ದೆಯಾದ ಕೆಂಪು ಮಣ್ಣಿನಲ್ಲಿ ಜೀಪ್ ಓಡಿಸೋದು, ಒಂದು ಕಡೆ ಆನೆ ಮೇಲೆ ಸವಾರಿ. ಕಣ್ಣಿಗೆ ಹಬ್ಬ. ಅಲ್ಲಿನ ಕಟ್ಟಡಗಳು ಕಲ್ಪನೆಯವು, ನಿಜವಾದ ಹಳೇಬೀಡು ಹಾಗಿಲ್ಲ ಅಂತ ಮಾತ್ರ ಮಗನಿಗೆ ಹೇಳಿಬಿಡಿ.

ಈಗ ಕೈಯಲ್ಲಿ ಮಾಡಿಸೋದು ಏನು ಅಂತ ನೋಡೋಣ. ಎದೆ ಮಟ್ಟದ ಹುಲ್ಲಿನಲ್ಲಿ ಕ್ಲೋಯಿ ಬಗ್ಗಿ ಅಡಗಿರುತ್ತಾಳೆ. ಬಂದೂಕು ಹಿಡಿದ ಕಾವಲುಗಾರ ಹತ್ತಿರ ಬರುತ್ತಾನೆ. ಆಡುವವನು ಬಟನ್ ಒತ್ತುತ್ತಾನೆ, ಅವಳು ಅವನನ್ನು ಹುಲ್ಲಿನೊಳಗೆ ಎಳೆದು ಸದ್ದಿಲ್ಲದೆ ಮುಗಿಸುತ್ತಾಳೆ. ಇದು ಒಂದೆರಡು ಸಲ ಅಲ್ಲ, ಗೇಮ್ ಉದ್ದಕ್ಕೂ ಬರುತ್ತದೆ. ಅದು ಆಗಲಿಲ್ಲ ಅಂದರೆ ಗುಂಡಿನ ಚಕಮಕಿ. ರಕ್ತ ಜಾಸ್ತಿ ಇಲ್ಲ, ಆದರೆ ಸಾಯುವವರೆಲ್ಲ ಮನುಷ್ಯರೇ. ಇಂಗ್ಲಿಷ್ ಬೈಗುಳ ಧಾರಾಳವಾಗಿ ಬರುತ್ತದೆ. ಅಮೆರಿಕದಲ್ಲಿ ಟಿ, ಯುರೋಪಿನಲ್ಲಿ 16.

10 ವರ್ಷದವನ ಕೈಗೆ ನಾನಂತೂ ಕೊಡುವುದಿಲ್ಲ. ಆದರೆ ಒಂದು ದಾರಿ ಇದೆ. ಕಂಟ್ರೋಲರ್ ನಿಮ್ಮ ಕೈಯಲ್ಲಿರಲಿ. ಹೊಡೆದಾಟದ ಭಾಗಗಳನ್ನು ಅವನು ಮಲಗಿದ ಮೇಲೆ ನೀವು ಆಡಿ ಮುಗಿಸಿ. ಒಗಟಿನ ಭಾಗ ಬಂದಾಗ ಪಕ್ಕದಲ್ಲಿ ಕೂರಿಸಿಕೊಳ್ಳಿ. ಬೆಳಕು ನೆರಳು ಹೊಂದಿಸಿ ಗೋಡೆ ಮೇಲೆ ಆಕಾರ ಮಾಡುವ ಒಗಟೊಂದಿದೆ, ಅಂಥದ್ದನ್ನು ಮಕ್ಕಳು ನಮಗಿಂತ ಬೇಗ ಬಿಡಿಸುತ್ತಾರೆ. ಪೂರ್ತಿ ಆಟ 14, 15 ವರ್ಷಕ್ಕೆ ಕಾದಿರಲಿ. ಆ ಹೊತ್ತಿಗೆ ಅದರ ಬೆಲೆಯೂ ಇಳಿದಿರುತ್ತದೆ.

ಸ್ಪೈಡರ್‌ಮ್ಯಾನ್ ಅಂದರೆ ಮಕ್ಕಳದ್ದೇ ಅಲ್ವಾ? ಅದರ ಟೀಶರ್ಟ್, ಬ್ಯಾಗ್ ಎಲ್ಲ ಮನೆಯಲ್ಲಿದೆ.

ಬ್ಯಾಗ್ ಮೇಲಿನ ಸ್ಪೈಡರ್‌ಮ್ಯಾನ್ ಬೇರೆ, ಈ ಗೇಮ್ ಬೇರೆ. ಹೊಡೆದಾಟದ ವಿಷಯದಲ್ಲಿ ಇದನ್ನು ಮಾಡಿದವರಿಗೆ ನಿಜಕ್ಕೂ ಶಹಬ್ಬಾಸ್ ಹೇಳಬೇಕು. ಅವನು ಕೊಲ್ಲುವುದಿಲ್ಲ. ಕಟ್ಟಡದ ತುದಿಯಿಂದ ಕಳ್ಳನನ್ನು ಒದ್ದು ಬೀಳಿಸಿದರೂ ಅವನು ಬಲೆಯಲ್ಲಿ ಸಿಕ್ಕಿ ಗೋಡೆಗೆ ಅಂಟಿಕೊಳ್ಳುತ್ತಾನೆ, ನೆಲಕ್ಕೆ ಬೀಳುವುದಿಲ್ಲ. ಮಕ್ಕಳು ಇದನ್ನು ತಕ್ಷಣ ಗಮನಿಸುತ್ತಾರೆ.

ಕಷ್ಟ ಇರೋದು ಕಥೆಯಲ್ಲಿ. ಸಭೆಯೊಂದರಲ್ಲಿ ಬಾಂಬ್ ಸಿಡಿಯುತ್ತದೆ, ಒಬ್ಬ ಹುಡುಗನ ಅಪ್ಪ ಸಾಯುತ್ತಾನೆ. ಕೊನೆಯಲ್ಲಿ ಇನ್ನೊಂದು ಸಾವು, ಅದೂ ತುಂಬಾ ಹತ್ತಿರದವರದ್ದು, ಆಸ್ಪತ್ರೆ ಮಂಚದ ಪಕ್ಕ. ಮನೆಯಲ್ಲಿ ಈಚೆಗೆ ಅಜ್ಜಿ ತಾತ ಯಾರಾದರೂ ತೀರಿಕೊಂಡಿದ್ದರೆ ಈಗ ಬೇಡ, ಸ್ವಲ್ಪ ತಡೆಯಿರಿ. ಇಂಥದ್ದನ್ನು ಯಾವ ರೇಟಿಂಗೂ ಹೇಳೋಕೆ ಆಗುವುದಿಲ್ಲ. ನಿಮ್ಮ ಮನೆ ವಿಷಯ ನಿಮಗೇ ಗೊತ್ತು.

ಡಬ್ಬಿ ಮೇಲೆ 12 ಅಂತಿದೆ, ನನ್ನ ಮಗಳಿಗೆ 9. ಕೊಡಲೇಬಾರದಾ?

ಕೆಲವು ಸಲ ಕೊಡಬಹುದು, ನೀವು ಪಕ್ಕದಲ್ಲಿ ಕೂರೋಕೆ ತಯಾರಿದ್ದರೆ. ಜೆಲ್ಡಾ: ಬ್ರೆತ್ ಆಫ್ ದ ವೈಲ್ಡ್ ಒಳ್ಳೆ ಉದಾಹರಣೆ. ಅಮೆರಿಕದಲ್ಲಿ 10+, ಯುರೋಪಿನಲ್ಲಿ 12. ರಕ್ತ ಇಲ್ಲ, ಸೋತ ರಾಕ್ಷಸರು ಹೊಗೆಯಾಗಿ ಹೋಗುತ್ತಾರೆ. ಗುಡ್ಡ ಹತ್ತೋದು, ಅಣಬೆ ಆರಿಸೋದು, ಅಡುಗೆ ಮಾಡೋದು, ಮೇಲಿನಿಂದ ತೇಲಿಕೊಂಡು ಇಳಿಯೋದು. 120 ಸಣ್ಣ ಗುಡಿಗಳಿವೆ, ಬಹಳಷ್ಟರಲ್ಲಿ ಒಂದೊಂದು ಒಗಟು.

ನಮ್ಮ ಅಕ್ಕನ ಮಗ ಇದನ್ನು ಆಡುವಾಗ ಪಕ್ಕದಲ್ಲಿ ಕೂತು ನೋಡಿದ್ದೇನೆ. ಗಾರ್ಡಿಯನ್ ಅನ್ನೋ ಯಂತ್ರ ದೂರದಿಂದ ಕೆಂಪು ಬೆಳಕಿನ ಗೆರೆ ಇವನ ಮೇಲೆ ಬಿಟ್ಟಿತು, ಪಿಯಾನೋ ದಡದಡ ಅಂತ ಶುರುವಾಯಿತು. ಅಷ್ಟೇ. ಕಂಟ್ರೋಲರ್ ನನ್ನ ತೊಡೆ ಮೇಲೆ ಎಸೆದು ಅಡುಗೆಮನೆಗೆ ಓಡಿದ. ಸ್ವಲ್ಪ ಹೊತ್ತಿಗೆ ಬಾಗಿಲ ಸಂದಿಯಿಂದ ಇಣುಕಿ "ಹೋಯ್ತಾ ಮಾಮಾ?" ಅಂದ. ಆಮೇಲೆ ಎಷ್ಟೋ ದಿನ ಆ ಕಡೆ ಹೋಗಲೇ ಇಲ್ಲ. ಈ ಕಡೆಯೇ ಮೀನು ಹಿಡಿದುಕೊಂಡು, ಅಡುಗೆ ಮಾಡಿಕೊಂಡು ಖುಷಿಯಾಗಿದ್ದ. ಹೆದರಿಕೆಯಾದಾಗ ದೂರ ಹೋಗೋಕೆ ಈ ಗೇಮ್ ಬಿಡುತ್ತದೆ. ಅದು ನನಗೆ ತುಂಬಾ ಇಷ್ಟವಾದ ವಿಷಯ. ಹೆದರಿದರೂ ಅದೇ ದಾರಿಯಲ್ಲಿ ಹೋಗಲೇಬೇಕು ಅನ್ನುವ ಗೇಮ್ ಆಗಿದ್ದರೆ ನಾನು ವಯಸ್ಸಿನಲ್ಲಿ ರಿಯಾಯಿತಿ ಕೊಡುವುದಿಲ್ಲ.

ಇನ್ನೊಂದು ಮಾತು. ಗೇಮ್ ಎಷ್ಟು ಕಷ್ಟ ಅನ್ನೋದನ್ನು ರೇಟಿಂಗ್ ಹೇಳುವುದಿಲ್ಲ. 7 ಅಂತ ಬರೆದಿರುವ ಗೇಮ್ 7 ವರ್ಷದ ಮಗುವಿಗೆ ಆಡೋಕೆ ಬರುತ್ತದೆ ಅಂತ ಅರ್ಥ ಅಲ್ಲ.

ಕೊಳ್ಳುವ ಮುಂಚೆ ನೋಡೋದು ಹೇಗೆ?

ಟ್ರೇಲರ್ ನೋಡಬೇಡಿ, ಅದು ಮಾರೋಕೆ ಮಾಡಿದ್ದು. ಯೂಟ್ಯೂಬ್‌ನಲ್ಲಿ ಗೇಮ್ ಹೆಸರಿನ ಜೊತೆ "ನೋ ಕಾಮೆಂಟರಿ" ಅಂತ ಹಾಕಿ ಹುಡುಕಿ. ಯಾರೋ ಮಾತಾಡದೆ ಪೂರ್ತಿ ಆಡಿದ ವಿಡಿಯೋಗಳು ಸಿಗುತ್ತವೆ. ಮೊದಲ ಹದಿನೈದು ನಿಮಿಷ ನೋಡಿ ನಿಲ್ಲಿಸಿಬಿಡಬೇಡಿ, ಶುರುವಿನಲ್ಲಿ ಬಹಳಷ್ಟು ಗೇಮ್‌ಗಳು ಮೃದುವಾಗಿಯೇ ಇರುತ್ತವೆ. ನಡುವಿನ ಒಂದು ಭಾಗ, ಒಂದು ದೊಡ್ಡ ಕಾಳಗ, ಕೊನೆಯ ಅರ್ಧ ಗಂಟೆ, ಇಷ್ಟು ನೋಡಿ. ಇಎಸ್‌ಆರ್‌ಬಿ ವೆಬ್‌ಸೈಟ್‌ನಲ್ಲಿ ಗೇಮ್ ಹೆಸರು ಹಾಕಿದರೆ ಅದರಲ್ಲಿ ಏನೇನು ಕಾಣುತ್ತದೆ ಅಂತ ಬಹಳಷ್ಟು ಗೇಮ್‌ಗಳಿಗೆ ಒಂದು ಪ್ಯಾರಾ ಬರೆದಿರುತ್ತಾರೆ. ಮುಚ್ಚುಮರೆ ಇಲ್ಲದೆ ಬರೆದಿರುತ್ತಾರೆ, ಎರಡು ನಿಮಿಷದ ಕೆಲಸ.

ಎಸ್‌.ಪಿ. ರೋಡಿನಲ್ಲೋ ನ್ಯಾಷನಲ್ ಮಾರ್ಕೆಟ್‌ನಲ್ಲೋ ಡಿಸ್ಕ್ ಕೊಳ್ಳುವುದಾದರೆ ಅಂಗಡಿಯವರನ್ನು "ಮಕ್ಕಳಿಗೆ ಆಗುತ್ತಾ" ಅಂತ ಕೇಳಿ ಅದನ್ನೇ ನಂಬಿಕೊಂಡು ಬರಬೇಡಿ. ಮನೆಯಲ್ಲೇ ನೋಡಿಕೊಂಡು ಹೆಸರು ಬರೆದುಕೊಂಡು ಹೋಗಿ.

ಕ್ಲಾಸಲ್ಲಿ ಎಲ್ಲರೂ ಜಿಟಿಎ ಆಡ್ತಾರಂತೆ. ನಮ್ಮವನೊಬ್ಬನೇ ಆಡಲ್ಲ ಅಂತ ಅಳ್ತಾನೆ.

ಎಲ್ಲರೂ ಆಡುವುದಿಲ್ಲ. ಕೆಲವರು ಆಡುತ್ತಾರೆ, ಉಳಿದವರು ಯೂಟ್ಯೂಬ್‌ನಲ್ಲಿ ನೋಡಿ ಆಡಿದೆವು ಅನ್ನುತ್ತಾರೆ. ಜಿಟಿಎ ಅಂದರೆ ಗ್ರ್ಯಾಂಡ್ ಥೆಫ್ಟ್ ಆಟೋ. 2013ರ ಜಿಟಿಎ 5ಕ್ಕೆ ಯುರೋಪಿನಲ್ಲಿ 18, ಅಮೆರಿಕದಲ್ಲಿ ಎಂ. ಇಬ್ಬರಿಗೂ ಭಿನ್ನಾಭಿಪ್ರಾಯವೇ ಇಲ್ಲ. ಒಬ್ಬನಿಗೆ ಚಿತ್ರಹಿಂಸೆ ಕೊಡುವ ದೃಶ್ಯವನ್ನು ಅದರಲ್ಲಿ ಆಡುವವನ ಕೈಯಲ್ಲೇ ಮಾಡಿಸುತ್ತಾರೆ. ಈ ಗೇಮ್ ಮಾಡುವ ರಾಕ್‌ಸ್ಟಾರ್ ಕಂಪನಿಯ ಸ್ಟುಡಿಯೋ ನಮ್ಮ ಬೆಂಗಳೂರಿನಲ್ಲೂ ಇದೆ, ದೊಡ್ಡವರಿಗೆ ಅಂತ ಮಾಡಿದ ಗೇಮ್‌ಗಳಲ್ಲಿ ಅದು ಬಹಳ ಚೆನ್ನಾಗಿಯೂ ಇದೆ. ಆದರೆ ಅದು ದೊಡ್ಡವರ ಗೇಮ್.

ಅಳುವ ಮಗುವಿಗೆ "ಕೆಟ್ಟ ಗೇಮ್" ಅಂತ ಹೇಳಿ ಮುಗಿಸಬೇಡಿ, ಫ್ರೆಂಡ್ಸ್ ಎಲ್ಲ ಕೆಟ್ಟವರು ಅಂದ ಹಾಗಾಗುತ್ತದೆ. ಅದರಲ್ಲಿ ಏನು ಇಷ್ಟ ಅಂತ ಕೇಳಿ. ಬಹಳ ಸಲ ಉತ್ತರ "ಕಾರು ಓಡಿಸಬಹುದು" ಅಂತ ಇರುತ್ತದೆ. ಊರು ತುಂಬಾ ಕಾರು ಓಡಿಸೋಕೆ ಲೆಗೋ ಸಿಟಿ ಅಂಡರ್‌ಕವರ್ ಇದೆ, ಪೆಗಿ 7.

ದುಡ್ಡು ಕಟ್ ಆಗುತ್ತಾ?

ಡಿಸ್ಕ್ ಕೊಂಡು ಆಡುವ ಕಥೆ ಗೇಮ್‌ಗಳಲ್ಲಿ ಕಡಿಮೆ. ಮೊಬೈಲ್‌ನ ಉಚಿತ ಗೇಮ್‌ಗಳಲ್ಲಿ ಜಾಸ್ತಿ. ಪೆಟ್ಟಿಗೆ ತೆರೆದರೆ ಏನು ಬರುತ್ತದೋ ಗೊತ್ತಿಲ್ಲ, ತೆರೆಯೋಕೆ ದುಡ್ಡು ಕೊಡಬೇಕು ಅನ್ನುವ ವ್ಯವಸ್ಥೆ ಇದ್ದರೆ ನನ್ನ ಮಟ್ಟಿಗೆ ಅದು ಕೈ ಕಡಿಯುವ ದೃಶ್ಯಕ್ಕಿಂತ ಕೆಟ್ಟದ್ದು. ಬೆಲ್ಜಿಯಂ 2018ರಲ್ಲೇ ಇಂಥವನ್ನು ಜೂಜು ಅಂತ ತೀರ್ಮಾನ ಮಾಡಿತು. 2020ರಿಂದ ರೇಟಿಂಗ್ ಗುರುತಿನ ಜೊತೆಗೇ ಇಂಥ ಪೆಟ್ಟಿಗೆಗಳಿವೆ ಅಂತ ಬರೆಯುತ್ತಾರೆ, ಹುಡುಕಿ ನೋಡಿ. ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಇಡಿ. ಮಗುವಿನ ಅಕೌಂಟ್‌ಗೆ ನಿಮ್ಮ ಕಾರ್ಡ್ ಸೇರಿಸಬೇಡಿ, ಯುಪಿಐ ಪಿನ್ ಅವರೆದುರು ಒತ್ತಬೇಡಿ.

ಆನ್‌ಲೈನ್‌ನಲ್ಲಿ ಬೇರೆಯವರ ಜೊತೆ ಮಾತಾಡೋದು?

ಅದಕ್ಕೆ ರೇಟಿಂಗ್ ಇಲ್ಲ. ಅಪರಿಚಿತರು ಏನು ಮಾತಾಡುತ್ತಾರೆ ಅಂತ ಯಾರೂ ಮುಂಚೆ ಹೇಳಲಾರರು. 13ರ ಒಳಗಿನವರಿಗೆ ವಾಯ್ಸ್ ಚಾಟ್ ಬಂದ್ ಮಾಡಿಬಿಡಿ. ಅಪಾರ್ಟ್‌ಮೆಂಟ್‌ನ ಸ್ನೇಹಿತರ ಜೊತೆ ಆಡೋದಾದರೆ ಎಲ್ಲರೂ ಒಂದೇ ಮನೆಯಲ್ಲಿ ಕೂತು ಆಡಲಿ, ಅದೇ ಚೆನ್ನ.

ಅಣ್ಣನಿಗೆ 15, ತಂಗಿಗೆ 6. ಮನೆಯಲ್ಲಿರೋದು ಒಂದೇ ಟಿವಿ, ಅದೂ ಹಾಲ್‌ನಲ್ಲಿ.

ಬೆಂಗಳೂರಿನ ಎರಡು ಬೆಡ್‌ರೂಮಿನ ಮನೆಗಳಲ್ಲಿ ಇದೇ ನಿಜವಾದ ಸಮಸ್ಯೆ. ಗೇಮ್ ಅಣ್ಣನ ವಯಸ್ಸಿಗೆ ಸರಿಯಾಗಿರುತ್ತದೆ, ಆದರೆ ಅದೇ ರೂಮಿನಲ್ಲಿ ತಂಗಿ ಊಟ ಮಾಡುತ್ತಿರುತ್ತಾಳೆ. ಚಿಕ್ಕವಳು ಎಚ್ಚರ ಇರುವಾಗ ಹಾಲ್‌ನಲ್ಲಿ ಅವಳ ವಯಸ್ಸಿನ ಗೇಮ್ ಮಾತ್ರ ಅಂತ ನಿಯಮ ಮಾಡಿ. ದೊಡ್ಡವನಿಗೆ ಅವಳು ಮಲಗಿದ ಮೇಲಿನ ಹೊತ್ತನ್ನು ಖಂಡಿತವಾಗಿ ಬಿಟ್ಟುಕೊಡಿ, ಅದನ್ನು ಕಿತ್ತುಕೊಳ್ಳಬೇಡಿ. ನಿಯಮ ಅವನಿಗೂ ನ್ಯಾಯವಾಗಿ ಕಂಡರೆ ಪಾಲಿಸುತ್ತಾನೆ. ಲೆಗೋ ಗೇಮ್‌ಗಳಲ್ಲಿ ಎರಡನೆಯವರು ಯಾವಾಗ ಬೇಕಾದರೂ ಸೇರಿಕೊಂಡು ಯಾವಾಗ ಬೇಕಾದರೂ ಬಿಡಬಹುದು. ಅಣ್ಣ ತಂಗಿ ಇಬ್ಬರಿಗೂ ಹೇಳಿ ಮಾಡಿಸಿದ್ದು.

ಮಗುವಿಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ. ಕಥೆ ಅರ್ಥ ಆಗುತ್ತಾ?

ಈ ದೊಡ್ಡ ಗೇಮ್‌ಗಳು ಕನ್ನಡದಲ್ಲಿ ಬರುವುದಿಲ್ಲ. ಮಾತು ಅರ್ಥವಾಗದಿದ್ದರೆ ಮಗುವಿಗೆ ಉಳಿಯೋದು ಬರೀ ಹೊಡೆದಾಟ. ಏತಕ್ಕೆ ಹೊಡೆಯುತ್ತಿದ್ದೇವೆ, ಇವನು ಯಾಕೆ ಹೀಗಾದ ಅನ್ನೋದೆಲ್ಲ ತಪ್ಪಿಹೋಗುತ್ತದೆ. ಹಾಗಾಗಿ ಕಥೆಯ ಭಾಗ ಬಂದಾಗ ನೀವು ಕನ್ನಡದಲ್ಲಿ ಹೇಳುತ್ತಾ ಹೋಗಿ, ಸಬ್‌ಟೈಟಲ್ ಹಾಕಿ. ಜೆಲ್ಡಾದಲ್ಲಿ ಮಾತೆಲ್ಲ ಹೆಚ್ಚಾಗಿ ಬರಹದಲ್ಲೇ ಬರುತ್ತದೆ, ಬಟನ್ ಒತ್ತೋವರೆಗೆ ಕಾಯುತ್ತದೆ. ಓದಿ ಹೇಳೋಕೆ ಸುಲಭ.

ದಿನಕ್ಕೆ ಎಷ್ಟು ಹೊತ್ತು?

ಭಾರತೀಯ ಮಕ್ಕಳ ವೈದ್ಯರ ಸಂಘದ ಸಲಹೆ ಪ್ರಕಾರ 2 ವರ್ಷದೊಳಗೆ ಸ್ಕ್ರೀನ್ ಬೇಡವೇ ಬೇಡ, 2ರಿಂದ 5ರವರೆಗೆ ದೊಡ್ಡವರ ಜೊತೆ ಹೆಚ್ಚೆಂದರೆ ಒಂದು ಗಂಟೆ. ಆ ವಯಸ್ಸಿಗೆ ಆ್ಯಕ್ಷನ್ ಗೇಮ್ ಮಾತೇ ಇಲ್ಲ. ದೊಡ್ಡ ಮಕ್ಕಳಿಗೆ ನಿದ್ದೆ, ಆಟ, ಓದು ಮುಗಿದ ಮೇಲೆ ಉಳಿದದ್ದು.

"ಇನ್ನೈದು ನಿಮಿಷ" ಅಂದಾಗ ಅದು ಯಾವಾಗಲೂ ನೆಪ ಅಲ್ಲ. ಕೆಲವು ಗೇಮ್‌ಗಳಲ್ಲಿ ಕಾಳಗದ ನಡುವೆ ನಿಲ್ಲಿಸಿದರೆ ಅರ್ಧ ಗಂಟೆ ಹಿಂದಿನಿಂದ ಶುರು ಮಾಡಬೇಕು. ಎಲ್ಲಿ ಸೇವ್ ಆಗುತ್ತದೆ ಅಂತ ಕೇಳಿ ತಿಳಿದುಕೊಳ್ಳಿ, ಅದಕ್ಕೆ ಸ್ವಲ್ಪ ಮುಂಚೆ ಎಚ್ಚರಿಸಿ. ಜಗಳ ಅರ್ಧ ಕಡಿಮೆಯಾಗುತ್ತದೆ.

ಚಟ ಆಗಿಬಿಟ್ಟಿದೆ ಅನ್ನಿಸಿದರೆ?

ರಜೆಯಲ್ಲಿ ಒಂದು ವಾರ ಮುಳುಗಿಹೋಗೋದು ಚಟ ಅಲ್ಲ. ನಿಲ್ಲಿಸೋಕೇ ಆಗದಿರೋದು, ಬೇರೆಲ್ಲ ಆಸಕ್ತಿ ಬಿಟ್ಟುಹೋಗೋದು, ಓದು ನಿದ್ದೆ ಹಾಳಾದರೂ ಮುಂದುವರಿಸೋದು, ಇದು ಸಾಮಾನ್ಯವಾಗಿ ಒಂದು ವರ್ಷದಷ್ಟು ನಡೆದರೆ ಅದನ್ನು ಕಾಯಿಲೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಪರಿಗಣಿಸುತ್ತದೆ. 2022ರಿಂದ ಜಾರಿಯಲ್ಲಿರುವ ಅದರ ಪಟ್ಟಿಯಲ್ಲಿ ಇದೂ ಇದೆ. ಹಾಗಂತ ಸಹಾಯ ಕೇಳೋಕೆ ಒಂದು ವರ್ಷ ಕಾಯಬೇಕಿಲ್ಲ. ನಮ್ಮ ಪುಣ್ಯ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ಇದಕ್ಕೆ ಶಟ್ ಅನ್ನುವ ಪ್ರತ್ಯೇಕ ಕ್ಲಿನಿಕ್ ಇದೆ. ಹೋಗೋಕೆ ನಾಚಿಕೆ ಬೇಡ.

ಕೊಡಿಸಿಬಿಟ್ಟಿದ್ದೇವೆ, ಈಗ ನೋಡಿದರೆ ಸರಿಯಿಲ್ಲ ಅನ್ನಿಸ್ತಿದೆ.

ವಾಪಸ್ ತಗೊಳ್ಳಿ, ಆದರೆ ಮಗುವನ್ನು ಬೈಯಬೇಡಿ. ಕೊಡಿಸಿದ್ದು ನೀವು. "ನಾವು ಸರಿಯಾಗಿ ನೋಡಿರಲಿಲ್ಲ, ಇದು ನಿನಗೆ ಇನ್ನೂ ಎರಡು ಮೂರು ವರ್ಷ ಬೇಡ" ಅಂತ ನೇರವಾಗಿ ಹೇಳಿ. ಬದಲಿಗೆ ಇನ್ನೊಂದು ಗೇಮ್ ಅವತ್ತೇ ಕೈಗೆ ಬರಲಿ. ಡಿಸ್ಕ್ ಆಗಿದ್ದರೆ ಹಳೆಯದನ್ನು ಕೊಂಡುಕೊಳ್ಳುವ ಅಂಗಡಿಗಳಿವೆ, ಮಗುವನ್ನೂ ಕರೆದುಕೊಂಡು ಹೋಗಿ ಬದಲಾಯಿಸಿಕೊಂಡು ಬನ್ನಿ.

ಪೇರೆಂಟಲ್ ಕಂಟ್ರೋಲ್ ಹಾಕಿದರೆ ಸಾಕಾ?

ಹಾಕಿ, ಅದು ಬೇಕು. ನಿಂಟೆಂಡೊ ಸ್ವಿಚ್ ಅನ್ನುವ ಗೇಮ್ ಯಂತ್ರಕ್ಕೆ ಮೊಬೈಲ್ ಆ್ಯಪ್ ಇದೆ, ಯಾವ ಗೇಮ್ ಎಷ್ಟು ಹೊತ್ತು ಆಡಿದರು ಅಂತ ತೋರಿಸುತ್ತದೆ. ಪ್ಲೇಸ್ಟೇಷನ್‌ನಲ್ಲಿ ಮಗುವಿಗೆ ಬೇರೆ ಅಕೌಂಟ್ ಮಾಡಿ ವಯಸ್ಸು, ಖರ್ಚು, ಸಮಯ ಮೂರಕ್ಕೂ ಮಿತಿ ಇಡಬಹುದು. ಎಕ್ಸ್‌ಬಾಕ್ಸ್‌ನಲ್ಲೂ ಇದೆ. ಹುಟ್ಟಿದ ವರ್ಷ ಮಾತ್ರ ನಿಜವಾದದ್ದೇ ಹಾಕಿ, ಸುಳ್ಳು ವರ್ಷ ಹಾಕಿದರೆ ಈ ಬೀಗ ಯಾವುದೂ ಕೆಲಸ ಮಾಡುವುದಿಲ್ಲ.

ಸರಿ, ಮೊದಲು ಯಾವುದರಿಂದ ಶುರು ಮಾಡೋದು?

6, 7 ವರ್ಷಕ್ಕೆ ಲೆಗೋ, ನಿಮ್ಮ ಜೊತೆ. ಸ್ವಲ್ಪ ಹೆದರಿಕೆ ಇಷ್ಟಪಡುವ ಮಗುವಾದರೆ ಲೂಯಿಜೀಸ್ ಮ್ಯಾನ್ಶನ್ 3, ಅದರ ದೆವ್ವಗಳು ನಗು ಬರಿಸುತ್ತವೆ. 9, 10ಕ್ಕೆ ಜೆಲ್ಡಾ. 13ರ ನಂತರ ಸ್ಪೈಡರ್‌ಮ್ಯಾನ್, ಅದರಲ್ಲಿ "ಫ್ರೆಂಡ್ಲಿ" ಅನ್ನುವ ಸುಲಭದ ಮಟ್ಟ ಇದೆ, ಅದರಿಂದಲೇ ಶುರು ಮಾಡಲಿ. ಹೈಸ್ಕೂಲ್ ಮುಗಿಯುವ ಹೊತ್ತಿಗೆ ಹೊಯ್ಸಳರ ಗೇಮ್. ನಮ್ಮ ಪುರಾಣದ ವಾತಾವರಣ ಬೇಕು ಅನ್ನುವವರಿಗೆ ಪುಣೆಯ ತಂಡ 2020ರಲ್ಲಿ ಮಾಡಿದ ರಾಜಿ ಇದೆ. ತಮ್ಮನನ್ನು ಹುಡುಕಿಕೊಂಡು ಹೋಗುವ ಹುಡುಗಿಯ ಕಥೆ. ಹೊಡೆದಾಟ ಚುರುಕಾಗಿದೆ, ಮೊದಲು ನೀವು ಒಂದು ಗಂಟೆ ಆಡಿ ನೋಡಿ ಆಮೇಲೆ ಕೊಡಿ.